ಗಾಳಿಗೆ ಬಿದ್ದ ಮಾವು, ಸೀಕರಣೆ ಮತ್ತು ಒಂದು ಬಕೆಟ್ ಸಿಪ್ಪೆ

ಹಾಸ್ಟೆಲ್‌ನಲ್ಲಿ ರಾತ್ರಿ ಹೊತ್ತು ನಾವು ಮೂವರು ನೋಡಿದ ಒಂದು ರೀಲ್ಸ್‌ನಿಂದ ಈ ಕಥೆ ಶುರು. ಅಮೆರಿಕದ ಒಬ್ಬ ಅಜ್ಜಿ ಪೆಟ್ಟು ಬಿದ್ದ ಸೇಬುಗಳನ್ನೆಲ್ಲ ಆರಿಸಿ, ಬೇಯಿಸಿ, ಮಸೆದು ಆಪಲ್ ಸಾಸ್ ಮಾಡ್ತಾರೆ. ಉಳಿದ ಸಿಪ್ಪೆಯನ್ನೂ ಬಿಡದೆ ವಿನೆಗರ್‌ಗೆ ಹಾಕ್ತಾರೆ. "ಇದರಾಗೇನೈತಿ, ನಮ್ಮ ಸೀಕರಣಿ ಇದ್ದಂಗ ಐತಲ್ಲ" ಅಂದ ನಮ್ಮಲ್ಲೊಬ್ಬ. ನಕ್ಕು ಮಲಗಿದೆವು.

ರಜೆಗೆ ಗಂಗಾವತಿಗೆ ಹೋದ ಮೂರನೇ ದಿನವೇ ಅದು ನಿಜವಾಯಿತು. ಮೇ ತಿಂಗಳ ಒಂದು ಸಂಜೆ ಜೋರು ಗಾಳಿ, ಅರ್ಧ ಗಂಟೆ ಮಳೆ. ಮರುದಿನ ಬೆಳಿಗ್ಗೆ ದೋಸ್ತನ ಕಾಕಾನ ಫೋನು. ಕನಕಗಿರಿ ಕಡೆ ಅವರದು ಸಣ್ಣ ಮಾವಿನ ತೋಟ, ಬಹಳಷ್ಟು ಕೇಸರ್ ಗಿಡ. ನಾಲ್ಕೈದು ದಿನದಲ್ಲಿ ಕೊಯ್ಯಬೇಕಿದ್ದ ಕಾಯಿ ನೆಲದ ಮೇಲೆ ಹಾಸಿದಂತೆ ಬಿದ್ದಿತ್ತು. ಬಿದ್ದ ಕಾಯಿಗೆ ವ್ಯಾಪಾರಿ ಕೇಳಿದ ರೇಟಿನಲ್ಲಿ ಆಟೋ ಬಾಡಿಗೆಯೂ ಹುಟ್ಟೋದಿಲ್ಲ. "ಒಯ್ಯೋದಿದ್ರ ಒಯ್ರಿ, ಇಲ್ಲಂದ್ರ ಕುಣಿ ತೆಗೆದು ಮುಚ್ಚಿಬಿಡ್ತೀನಿ" ಅಂದರು ಕಾಕಾ. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನಮಗೆ ಕಷ್ಟವಾಯಿತು.

ನಾವು ಮೂರು ಕ್ರೇಟ್ ತಂದೆವು, ಸುಮಾರು 60 ಕೆಜಿ. ಮುಂದಿನ ಹತ್ತು ದಿನ ಆ ಹಣ್ಣಿನ ಜೊತೆ ನಾವು ಮಾಡಿದ್ದು, ಕಲಿತದ್ದು, ಕೆಡಿಸಿದ್ದು ಎಲ್ಲ ಇಲ್ಲಿದೆ. ಮನೆಯಲ್ಲಿ ಮಾವು ಇರೋ ಯಾರು ಬೇಕಾದರೂ ಮಾಡಬಹುದು.

ಮೊದಲು ಆರಿಸೋದು

ಬಿದ್ದ ಹಣ್ಣೆಲ್ಲ ಒಂದೇ ಅಲ್ಲ. ಅಜ್ಜಿ ಅಂಗಳದಲ್ಲಿ ಕೂತು ಮೂರು ಗುಂಪು ಮಾಡಿಸಿದರು. ಬಲಿತ, ಸಿಪ್ಪೆ ಒಡೆಯದ ಕಾಯಿ ಒಂದು ಕಡೆ. ಪೆಟ್ಟು ಬಿದ್ದು ಮೆತ್ತಗಾದದ್ದು, ಆದರೆ ವಾಸನೆ ಚೆನ್ನಾಗಿರೋದು ಇನ್ನೊಂದು ಕಡೆ. ಸಿಪ್ಪೆ ಒಡೆದು ಮಣ್ಣು ಒಳಗೆ ಹೋದದ್ದು, ಕಪ್ಪು ಚುಕ್ಕೆ ಹರಡಿದ್ದು, ಹುಳ ಇರೋದು ಮೂರನೇ ಕಡೆ. ಮೂರನೇ ಗುಂಪು 12 ಕೆಜಿ ಆಯಿತು.

"ಕೊಳೆತ ಭಾಗ ಕತ್ತರಿಸಿ ಉಳಿದದ್ದು ಬಳಸೋಣ" ಅಂತ ನಾವು ಹೇಳಿದೆವು. ಅಜ್ಜಿ ಒಪ್ಪಲಿಲ್ಲ. ಅವರು ಹೇಳಿದ್ದೇ ಸರಿ. ಬೂಷ್ಟು ಅಂದರೆ ನಮಗೆ ಕಾಣೋದು ಮೇಲಿನ ಪುಡಿ ಮಾತ್ರ, ಅದರ ಎಳೆಗಳು ಮೆತ್ತಗಿನ ಹಣ್ಣಿನೊಳಗೆ ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತವೆ. ಕೆಲವು ಬೂಷ್ಟು ಬಿಡುವ ವಿಷ ಕುದಿಸಿದರೂ ಹೋಗೋದಿಲ್ಲ. ಪೆಟ್ಟು ಬೇರೆ, ಕೊಳೆ ಬೇರೆ. ಪೆಟ್ಟು ಬಿದ್ದದ್ದನ್ನು ಉಳಿಸಬಹುದು, ಕೊಳೆತದ್ದನ್ನು ಬಿಡಬೇಕು.

ಹುಲ್ಲಿನೊಳಗೆ ನಡೆಯುವ ರಸಾಯನ

ಗಂಗಾವತಿಯಲ್ಲಿ ಯಾವುದಕ್ಕೆ ಬರ ಇದ್ದರೂ ಭತ್ತದ ಹುಲ್ಲಿಗೆ ಬರವಿಲ್ಲ. ಬಲಿತ ಕಾಯಿಗಳನ್ನು ಕೋಣೆಯ ಮೂಲೆಯಲ್ಲಿ ಹುಲ್ಲು ಹಾಸಿ, ತೊಟ್ಟು ಕೆಳಗೆ ಮಾಡಿ ಜೋಡಿಸಿ, ಮೇಲೆ ಮತ್ತೆ ಹುಲ್ಲು ಮುಚ್ಚಿದೆವು. ನಾಲ್ಕನೇ ದಿನ ಬಾಗಿಲು ತೆಗೆದರೆ ಮನೆಯೆಲ್ಲ ಘಮ ಘಮ.

ಹುಲ್ಲು ಏನು ಮಾಡುತ್ತದೆ? ಮಾವು ಮರದಿಂದ ಬೇರೆಯಾದ ಮೇಲೂ ಹಣ್ಣಾಗುವ ಜಾತಿ. ಹಣ್ಣಾಗುವಾಗ ಕಾಯಿ ತಾನೇ ಎಥಿಲೀನ್ ಅನ್ನೋ ಅನಿಲ ಬಿಡುತ್ತದೆ. ಆ ಅನಿಲ ಪಕ್ಕದ ಕಾಯಿಗೆ ತಾಗಿದರೆ ಅದೂ ಹಣ್ಣಾಗೋಕೆ ಶುರು ಮಾಡಿ ಇನ್ನಷ್ಟು ಎಥಿಲೀನ್ ಬಿಡುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದ ಸೀನಿಯರ್‌ಗಳು ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ. ಹುಲ್ಲು ಈ ಅನಿಲವನ್ನೂ ಕಾವನ್ನೂ ಸ್ವಲ್ಪ ಹಿಡಿದಿಡುತ್ತದೆ, ಆದರೆ ಗಾಳಿ ಪೂರ್ತಿ ಕಟ್ಟೋದಿಲ್ಲ. ಒಳಗೆ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಜೀವಕೋಶಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಸಡಿಲವಾಗಿ ಕಾಯಿ ಮೆತ್ತಗಾಗುತ್ತದೆ.

ಇಲ್ಲೇ ಕಾರ್ಬೈಡ್ ಮಾತು ಬರಬೇಕು. ವರ್ಕ್‌ಶಾಪ್‌ನಲ್ಲಿ ಗ್ಯಾಸ್ ವೆಲ್ಡಿಂಗ್ ನೋಡಿದವರಿಗೆ ಗೊತ್ತು: ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ತಾಗಿದರೆ ಅಸಿಟಿಲೀನ್ ಬರುತ್ತದೆ. ಅಸಿಟಿಲೀನ್ ಎಥಿಲೀನ್‌ನ ಹಾಗೆ ನಟಿಸುತ್ತದೆ, ಕಾಯಿಯ ಬಣ್ಣ ಬೇಗ ತಿರುಗುತ್ತದೆ. ಆದರೆ ಕಾರ್ಖಾನೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ. ಅದಕ್ಕೇ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಇದನ್ನು ಹಣ್ಣು ಮಾಗಿಸೋಕೆ ನಿಷೇಧಿಸಿದೆ. ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಲು ಮಾತ್ರ ಅನುಮತಿ ಇದೆ. ಸಿಪ್ಪೆ ಬಿಸಾಡುವವರಿಗೆ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ಸಿಪ್ಪೆ ತಿನ್ನಬೇಕು ಅಂದುಕೊಂಡವರಿಗೆ ಇದೇ ಮೊದಲ ಪ್ರಶ್ನೆ, ಯಾಕೆಂದರೆ ಪುಡಿ ಮೊದಲು ತಾಗೋದು ಸಿಪ್ಪೆಗೆ.

ತಿರುಳು ಮತ್ತು ಸೀಕರಣೆ

ಹುಲ್ಲಿನಲ್ಲಿ ಮತ್ತೆ 6 ಕೆಜಿ ಕೊಳೆತು, ಕೈಗೆ ಸಿಕ್ಕಿದ್ದು 42 ಕೆಜಿ ಹಣ್ಣು. ಒಂದೇ ದಿನ ಎಲ್ಲ ಹಣ್ಣಾಗಲಿಲ್ಲ, ಮೂರು ಸರದಿಯಲ್ಲಿ ಮಾಡಿದೆವು. ಮೊದಲ ಕೆಲಸ: ತೊಟ್ಟಿನ ಹತ್ತಿರ ಸ್ವಲ್ಪ ಕತ್ತರಿಸಿ ಹಣ್ಣನ್ನು ಅರ್ಧ ಗಂಟೆ ನೀರಲ್ಲಿ ಬಿಡೋದು. ಅಲ್ಲಿ ಸೊನೆ ಇರುತ್ತದೆ. ಮಾವು ಗೇರಿನ ಕುಟುಂಬದ ಗಿಡ, ಸೊನೆಯಲ್ಲಿರುವ ಕೆಲವು ರಾಸಾಯನಿಕ ಕೆಲವರ ಚರ್ಮಕ್ಕೆ ಆಗೋದಿಲ್ಲ. ನಮ್ಮಲ್ಲೊಬ್ಬ ಈ ಹೆಜ್ಜೆ ಬಿಟ್ಟು ನೇರ ಕಚ್ಚಿ ತಿಂದ. ಮರುದಿನ ಅವನ ತುಟಿ ಊದಿ, ತುರಿಸಿ, ಎರಡು ದಿನ ಫೋಟೋಗೆ ಮುಖ ಕೊಡಲಿಲ್ಲ.

ಆಮೇಲೆ ಹಣ್ಣನ್ನು ಕೈಯಲ್ಲಿ ಚೆನ್ನಾಗಿ ಮಿದುವಾಗಿಸಿ, ಸಿಪ್ಪೆ ಬಿಡಿಸಿ, ಗೊರಟ ಹಿಂಡಿ, ತಿರುಳನ್ನು ಜರಡಿಯಲ್ಲಿ ತಿಕ್ಕಿದೆವು. ಸ್ಟೀಲ್ ಪಾತ್ರೆಯನ್ನೇ ಬಳಸಿ. ಕಬ್ಬಿಣ ತಾಗಿದರೆ ಸಿಪ್ಪೆ, ಗೊರಟದ ಒಗರು ಅಂಶ ಅದರ ಜೊತೆ ಸೇರಿ ತಿರುಳು ಕಪ್ಪಾಗುತ್ತದೆ.

ತೂಕ ನೋಡಿದೆವು. 42 ಕೆಜಿಯಲ್ಲಿ ತಿರುಳು 24, ಗೊರಟ 9, ಸಿಪ್ಪೆ ಏಳೂವರೆ. ಉಳಿದದ್ದು ಕೈಗೆ, ಜರಡಿಗೆ, ಬಾಯಿಗೆ. ಅಂದರೆ ಹಣ್ಣಿನ ಅಂಗಡಿಯಲ್ಲಿ ನಾವು ಕೊಡುವ 100 ರೂಪಾಯಿಯಲ್ಲಿ ಸುಮಾರು 40 ರೂಪಾಯಿ ಕಸದ ಬುಟ್ಟಿಗೆ ಹೋಗುತ್ತದೆ. ಈ ಲೆಕ್ಕ ನೋಡಿದ ಮೇಲೆಯೇ ಸಿಪ್ಪೆ ಬಗ್ಗೆ ಯೋಚನೆ ಗಟ್ಟಿಯಾಯಿತು.

ಸೀಕರಣೆ ಮಾಡೋದು ಸುಲಭ: ಒಂದು ಕೆಜಿ ತಿರುಳಿಗೆ ಒಂದು ಲೋಟ ಕಾಯಿಸಿ ಆರಿಸಿದ ಹಾಲು, ರುಚಿ ನೋಡಿ ಬೆಲ್ಲ ಅಥವಾ ಸಕ್ಕರೆ, ನಾಲ್ಕು ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಹೋಳಿಗೆಯೋ ಚಪಾತಿಯೋ ಜೊತೆಗಿದ್ದರೆ ಊಟ ಆಯಿತು. ಸುಲಭ ಅಂದೆವಲ್ಲ, ಮೊದಲ ಸಲ ನಮ್ಮದು ಒಡೆಯಿತು. ಅವಸರದಲ್ಲಿ ಬಿಸಿ ಹಾಲು ಸುರಿದಿದ್ದೆವು. "ಹಾಲು ಆರ್ಲಿ ಅಂತ ಹೇಳಿದ್ದಿಲ್ಲೇನ್ರೋ" ಅಂದರು ಅಜ್ಜಿ.

ಹಾಲಿನ ಪ್ರೋಟೀನ್ ಕೇಸಿನ್. ಅದರ ಕಣಗಳು ಒಂದನ್ನೊಂದು ದೂರ ತಳ್ಳುತ್ತ ಹಾಲಿನಲ್ಲಿ ತೇಲುತ್ತಿರುತ್ತವೆ. ಹುಳಿ ಹೆಚ್ಚಾಗಿ ಪಿಎಚ್ 4.6ರ ಹತ್ತಿರ ಬಂದರೆ ಆ ತಳ್ಳಾಟ ನಿಂತು ಕಣಗಳು ಗಂಟು ಕಟ್ಟುತ್ತವೆ. ಬಿಸಿ ಇದ್ದರೆ ಇದು ಇನ್ನೂ ಬೇಗ ಆಗುತ್ತದೆ. ಅದಕ್ಕೇ ಹಣ್ಣು ಪೂರ್ತಿ ಸಿಹಿಯಾಗಿರಬೇಕು, ಹಾಲು ತಣ್ಣಗಿರಬೇಕು, ಬೆರೆಸಿದ ಮೇಲೆ ಬೇಗ ತಿನ್ನಬೇಕು. ಅಜ್ಜಿಗೆ ಪಿಎಚ್ ಗೊತ್ತಿಲ್ಲ, ಮೂರೂ ನಿಯಮ ಗೊತ್ತು. ಹಲ್ಲಿಲ್ಲದ ಅಜ್ಜಿ ಆ ದಿನ ಎರಡು ಬಟ್ಟಲು ಸೀಕರಣೆ ತಿಂದರು. ಕಾಕಾನ ತೋಟದ ಹಣ್ಣು ಈ ವರ್ಷ ಬಾಯಿಗೆ ಬಂದದ್ದು ಅದೇ ಮೊದಲು ಅಂದರು.

ಉಳಿದ ತಿರುಳು ಇಡೋದು ಹೇಗೆ

ಮೂರು ಮನೆಗೆ ಹಂಚಿ ತಿಂದರೂ 16 ಕೆಜಿ ಉಳಿಯಿತು. 10 ಕೆಜಿ ಕಾಯಿಸಿ ಫ್ರೀಜರ್‌ಗೆ, 6 ಕೆಜಿ ಬಿಸಿಲಿಗೆ ಅಂತ ತೀರ್ಮಾನ ಮಾಡಿದೆವು.

ಕಾಯಿಸುವಾಗ ಒಂದು ಎಚ್ಚರ. ತಿರುಳು ನೀರಿನ ಹಾಗೆ ಕುದಿಯೋದಿಲ್ಲ. ದಪ್ಪಗಿರೋದರಿಂದ ತಳದಲ್ಲಿ ಹಬೆ ಕೂಡಿಕೊಂಡು ಒಮ್ಮೆಲೇ ಟಪ್ ಅಂತ ಸಿಡಿಯುತ್ತದೆ, ಕೈ ಸುಡುತ್ತದೆ. ಆದರೆ ಕಲಕುತ್ತಿದ್ದರೆ ತೆಳ್ಳಗಾಗುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾನ್-ನ್ಯೂಟೋನಿಯನ್ ದ್ರವಕ್ಕೆ ಉದಾಹರಣೆ ಕೇಳಿದರೆ ಇನ್ನು ಮುಂದೆ ಟೂತ್‌ಪೇಸ್ಟ್ ಬರೆಯಬೇಡಿ, ಮಾವಿನ ತಿರುಳು ಅಂತ ಬರೆಯಿರಿ. ಉದ್ದ ಹಿಡಿಕೆಯ ಸೌಟು, ಸಣ್ಣ ಉರಿ, ಬಿಡದೆ ಕಲಕೋದು, ಹತ್ತು ನಿಮಿಷ. ಈ ಕಾವು ತಿರುಳನ್ನು ಕಪ್ಪಾಗಿಸುವ ಕಿಣ್ವವನ್ನೂ ಬಹುತೇಕ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ.

ಬಹುತೇಕ ಅಂದೆವು, ಎಲ್ಲವನ್ನೂ ಅಲ್ಲ. ಬೊಟುಲಿನಮ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಬರೀ ಕುದಿಸಿದರೆ ಸಾಯೋದಿಲ್ಲ. ಗಾಳಿ ಇಲ್ಲದ ಮುಚ್ಚಿದ ಡಬ್ಬಿಯಲ್ಲಿ ಅದು ಬೆಳೆದು ವಿಷ ಮಾಡಬಹುದು. ಪಿಎಚ್ 4.6ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದು ಬೆಳೆಯೋದಿಲ್ಲ. ಸೇಬಿನ ಹುಳಿ ಸಾಮಾನ್ಯವಾಗಿ ಈ ಗೆರೆಯ ಸುರಕ್ಷಿತ ಬದಿಯಲ್ಲಿದೆ, ಆದ್ದರಿಂದ ಆ ಅಮೆರಿಕದ ಅಜ್ಜಿ ಬಾಟಲಿ ತುಂಬಿ ಕಪಾಟಿನಲ್ಲಿ ಇಡಬಲ್ಲರು. ಹಣ್ಣಾದ ಮಾವಿನ ಪಿಎಚ್ 3.4ರಿಂದ 4.8ರವರೆಗೂ ಇರಬಹುದು. ಅಂದರೆ ಸಿಹಿ ಜಾಸ್ತಿ ಇರೋ ಹಣ್ಣು ಗೆರೆ ದಾಟಿರಬಹುದು. ನಮ್ಮ ಪಿಎಚ್ ಪೇಪರ್ 4 ಮತ್ತು 5ರ ನಡುವಿನ ಬಣ್ಣ ತೋರಿಸಿತು. ನಿಂಬೆರಸ ಹಿಂಡುತ್ತ 4ರ ಕೆಳಗೆ ತಂದೆವು. ಅಷ್ಟಾದರೂ ಹೊರಗೆ ಇಡದೆ ಫ್ರೀಜರ್‌ನಲ್ಲೇ ಇಟ್ಟೆವು. ಪೇಪರ್ ಪಟ್ಟಿಯ ಬಣ್ಣ ನಂಬಿ ಮನೆಮಂದಿಗೆ ತಿನ್ನಿಸೋ ಧೈರ್ಯ ನಮಗಿಲ್ಲ.

ಬಿಸಿಲಿನ ಕೆಲಸ ಕ್ಯಾಂಪಿನ ದೋಸ್ತನ ಅಮ್ಮನದು. ಹೊರಗಿನವರಿಗೆ ಹೇಳಬೇಕು: ತುಂಗಭದ್ರಾ ಅಣೆಕಟ್ಟಿನ ನೀರು 1953ರ ನಂತರ ಎಡದಂಡೆ ಕಾಲುವೆಯಲ್ಲಿ ಹರಿದ ಮೇಲೆ ಆಂಧ್ರದಿಂದ ರೈತರು ಬಂದು ನಮ್ಮ ಕಡೆ ನೆಲೆಸಿದರು. ಆ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು. ಅವರ ಜೊತೆ ಭತ್ತದ ಕೃಷಿ ಬಂದಂತೆ ಮಾಮಿಡಿ ತಾಂಡ್ರವೂ ಬಂತು, ಅಂದರೆ ಒಣಗಿಸಿದ ಮಾವಿನ ಹಣ್ಣಿನ ಹಾಳೆ. ತುಪ್ಪ ಸವರಿದ ತಟ್ಟೆಗೆ ಸಕ್ಕರೆ ಬೆರೆಸಿದ ತಿರುಳನ್ನು ತೆಳ್ಳಗೆ ಹರಡಿ, ಮೇಲೆ ಬಿಳಿ ತೆಳು ಬಟ್ಟೆ ಕಟ್ಟಿ ಮಾಳಿಗೆ ಮೇಲೆ ಇಡೋದು. ಮರುದಿನ ಅದರ ಮೇಲೆ ಇನ್ನೊಂದು ಪದರ. ಐದು ದಿನಕ್ಕೆ ಐದು ಪದರ. ನೀರು ಹೋಗಿ ಸಕ್ಕರೆ ಗಟ್ಟಿಯಾದರೆ ಸೂಕ್ಷ್ಮಜೀವಿಗೆ ಕುಡಿಯೋಕೆ ನೀರೇ ಸಿಗೋದಿಲ್ಲ. ನಾವು ವರ್ಷವಿಡೀ ಬೈಯುವ ನಮ್ಮೂರ ಬಿಸಿಲು ಈ ಕೆಲಸವನ್ನು ಕರೆಂಟ್ ಬಿಲ್ ಇಲ್ಲದೆ ಮಾಡಿಕೊಟ್ಟಿತು.

ಈಗ ಸಿಪ್ಪೆ

ಏಳೂವರೆ ಕೆಜಿ ಅಂದರೆ ಒಂದು ಬಕೆಟ್ ತುಂಬ. ಏನು ಮಾಡಿದೆವು?

ಒಂದು, ತೊಳೆದ ನೀರು. ಸಿಪ್ಪೆ, ಗೊರಟಕ್ಕೆ ಅಂಟಿದ ತಿರುಳನ್ನು ಸ್ವಲ್ಪ ನೀರಿನಲ್ಲಿ ಹಿಸುಕಿ ಸೋಸಿದರೆ ಹಳದಿ ನೀರು ಸಿಗುತ್ತದೆ. ಅದಕ್ಕೆ ಹಸಿಮೆಣಸಿನಕಾಯಿ, ಉಪ್ಪು, ಬೆಲ್ಲ, ಸಾಸಿವೆ-ಕರಿಬೇವಿನ ಒಗ್ಗರಣೆ ಕೊಟ್ಟು ಕುದಿಸಿದರೆ ಅನ್ನಕ್ಕೆ ಸಾರು. ಗುಜರಾತಿನಲ್ಲಿ ಇಂಥದ್ದೇ ನೀರಿಗೆ ಮಜ್ಜಿಗೆ, ಕಡಲೆಹಿಟ್ಟು ಸೇರಿಸಿ ಫಜೇತೋ ಅಂತ ಮಾಡ್ತಾರೆ. ನಮ್ಮ ಕೇಸರ್ ತಳಿಯ ಮೂಲವೂ ಗುಜರಾತೇ. ಅಲ್ಲಿನ ಜುನಾಗಢದಲ್ಲಿ 1934ರಲ್ಲಿ ಅದಕ್ಕೆ ಆ ಹೆಸರು ಬಿತ್ತು. ಈಗ ಕೊಪ್ಪಳದಲ್ಲಿ ಬೇಸಿಗೆಯಲ್ಲಿ ನಡೆಯುವ ಮಾವು ಮೇಳದಲ್ಲಿ ಹೆಚ್ಚು ಹೆಸರು ಮಾಡೋದು ಅದೇ.

ಎರಡು, ಸಿಪ್ಪೆ ಗೊಜ್ಜು. ಚಿಕ್ಕದಾಗಿ ಹೆಚ್ಚಿದ ಸಿಪ್ಪೆ ಕಾಲು ಕೆಜಿ, ಎರಡು ಲೋಟ ನೀರು, ಚಿಟಿಕೆ ಅರಿಶಿನ. ಹತ್ತು ನಿಮಿಷ ಬೇಯಿಸಿ, ನೀರು ಬಸಿದು, ಆರಿಸಿ, ಮಿಕ್ಸಿಯಲ್ಲಿ ತಿರುವಿ. ಬಾಣಲೆಗೆ ಎಣ್ಣೆ, ಸಾಸಿವೆ, ಇಂಗು, ಎರಡು ಬ್ಯಾಡಗಿ ಮೆಣಸಿನಕಾಯಿ, ಕರಿಬೇವು ಹಾಕಿ, ಅರೆದ ಸಿಪ್ಪೆ, ಮೂರು ಚಮಚ ಬೆಲ್ಲ, ಒಂದು ಚಮಚ ಖಾರದ ಪುಡಿ, ಉಪ್ಪು, ಒಂದು ನಿಂಬೆಹಣ್ಣಿನ ರಸ ಸೇರಿಸಿ ಎಣ್ಣೆ ಬಿಡುವವರೆಗೆ ಬಾಡಿಸಿ. ಸಣ್ಣ ಕಹಿ ಇರುತ್ತದೆ, ಜೋಳದ ರೊಟ್ಟಿಗೆ ಅದೇ ಚೆಂದ. ಇದು ಜಾಮ್‌ನಂತೆ ಗಟ್ಟಿಯಾಗೋದಕ್ಕೆ ಸಿಪ್ಪೆಯಲ್ಲಿ ಉಳಿದ ಪೆಕ್ಟಿನ್ ಕಾರಣ. ಪೆಕ್ಟಿನ್, ಸಕ್ಕರೆ, ಹುಳಿ ಮೂರೂ ಸೇರಿದರೆ ಜಾಲ ಕಟ್ಟಿ ನೀರನ್ನು ಹಿಡಿದುಕೊಳ್ಳುತ್ತದೆ. ಸೇಬಿನ ಸಿಪ್ಪೆಯಿಂದ ಜೆಲ್ಲಿ ಆಗೋದೂ ಹೀಗೇ. ಸೊನೆಗೆ ತುಟಿ ಊದುವವರು ಮಾತ್ರ ಈ ಗೊಜ್ಜು ಬಿಡಿ. ನಮ್ಮ ದೋಸ್ತ ಬಿಟ್ಟ.

ಮೂರು, ವಿನೆಗರ್. ಇಲ್ಲಿ ನಮ್ಮ ಮಾನ ಹೋಯಿತು. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಸಿಪ್ಪೆ, ನೀರು, ಒಂದಷ್ಟು ಸಕ್ಕರೆ ಹಾಕಿ ಮುಚ್ಚಳ ಬಿಗಿ ಮಾಡಿ ಅಡುಗೆಮನೆಯ ಮೂಲೆಯಲ್ಲಿಟ್ಟೆವು. ಮೂರನೇ ರಾತ್ರಿ ಪಟಾಕಿ ಹೊಡೆದ ಸದ್ದು. ಮುಚ್ಚಳ ಒಂದು ಕಡೆ, ಗೋಡೆ ತುಂಬ ಸಿಪ್ಪೆ. ಅವ್ವ ಬೈದದ್ದನ್ನು ಸಂಪಾದಕರು ಅಚ್ಚು ಹಾಕಲಾರರು.

ಲೆಕ್ಕವನ್ನು ಮೊದಲೇ ಮಾಡಬೇಕಿತ್ತು. ಯೀಸ್ಟ್ 180 ಗ್ರಾಂ ಗ್ಲೂಕೋಸ್ ತಿಂದರೆ 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅಂದರೆ ಒಂದು ದೊಡ್ಡ ಚಮಚ, 15 ಗ್ರಾಂ ಸಕ್ಕರೆಯಿಂದಲೇ ಸುಮಾರು 4 ಲೀಟರ್ ಅನಿಲ. ಹೋಗೋಕೆ ದಾರಿ ಇಲ್ಲದಿದ್ದರೆ ಬಾಟಲಿ ಏನು ಮಾಡುತ್ತದೆ ಪಾಪ. ಗಾಜಿನ ಬಾಟಲಿ ಆಗಿದ್ದರೆ ಈ ಲೇಖನ ತಮಾಷೆಯಾಗಿ ಇರುತ್ತಿರಲಿಲ್ಲ. ಎರಡನೇ ಸಲ ಅಗಲ ಬಾಯಿಯ ಜಾಡಿಗೆ ಬಟ್ಟೆ ಕಟ್ಟಿ ಇಟ್ಟೆವು. ಬಟ್ಟೆ ಬರೀ ಸ್ಫೋಟ ತಪ್ಪಿಸೋಕಲ್ಲ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡಿದ ಮೇಲೆ, ಅದನ್ನು ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕೇ ಬೇಕು. ಐದಾರು ವಾರಕ್ಕೆ ಮೂಗಿಗೆ ಹೊಡೆಯುವ ಹುಳಿ ಬಂತು. ಅದರ ಹುಳಿ ಎಷ್ಟು ಗಟ್ಟಿ ಅಂತ ಅಳೆಯದೆ ಉಪ್ಪಿನಕಾಯಿಗೆ ಹಾಕಬೇಡಿ. ನಾವು ಸಿಂಕ್ ಮತ್ತು ನಲ್ಲಿಯ ಬಿಳಿ ಕಲೆ ತೆಗೆಯೋಕೆ ಬಳಸಿದೆವು, ಚೆನ್ನಾಗಿ ಹೋಯಿತು.

ಉಳಿದ ಸಿಪ್ಪೆಯಲ್ಲಿ ಪಕ್ಕದ ಮನೆಯ ಎಮ್ಮೆಗೆ ಎರಡು ಹಿಡಿ. ಒಮ್ಮೆಲೇ ಜಾಸ್ತಿ ಕೊಟ್ಟರೆ ಸಕ್ಕರೆಯಿಂದ ಅದರ ಹೊಟ್ಟೆ ಹುಳಿಯಾಗಿ ಕೆಡುತ್ತದೆ. ಮಿಕ್ಕದ್ದು ಕಾಯಿ ಮಾಗಿಸಿದ ಅದೇ ಹುಲ್ಲಿನ ಜೊತೆ ಪದರ ಪದರವಾಗಿ ಗೊಬ್ಬರದ ಗುಂಡಿಗೆ.

ಗೊರಟದ ಮುಂದೆ ನಾವು ನಿಂತೆವು

9 ಕೆಜಿ ಗೊರಟ ಉಳಿಯಿತು. ಅದರೊಳಗಿನ ಬೀಜದಲ್ಲಿ ಪಿಷ್ಟವೂ ಕೊಬ್ಬೂ ಇದೆ. ಆ ಕೊಬ್ಬು ಎಷ್ಟು ಒಳ್ಳೆಯದೆಂದರೆ, ಚಾಕೊಲೇಟ್‌ನಲ್ಲಿ ಕೋಕೋ ಬೆಣ್ಣೆಯ ಜೊತೆ ಶೇ. 5ರವರೆಗೆ ಬಳಸಬಹುದು ಅಂತ ಯುರೋಪಿಯನ್ ಯೂನಿಯನ್ 2000ನೇ ಇಸವಿಯಲ್ಲಿ ಪಟ್ಟಿ ಮಾಡಿದ ಆರು ಕೊಬ್ಬುಗಳಲ್ಲಿ ಮಾವಿನ ಗೊರಟದ್ದೂ ಒಂದು. ಇದನ್ನು ಓದಿ ನಮಗೆ ಹುಮ್ಮಸ್ಸು ಬಂತು. ಹಿಟ್ಟು ಮಾಡಿ ರೊಟ್ಟಿ ತಟ್ಟೋಣ ಅಂತ ಹೊರಟೆವು.

ಇನ್ನಷ್ಟು ಓದಿದಾಗ ಕೈ ನಿಂತಿತು. ಒಡಿಶಾದ ರಾಯಗಡ ಜಿಲ್ಲೆಯ ಕಾಶೀಪುರದಲ್ಲಿ 2001ರಲ್ಲಿ, ಮತ್ತೆ ಅದೇ ರಾಜ್ಯದ ಕಂಧಮಾಲ್ ಜಿಲ್ಲೆಯಲ್ಲಿ 2024ರಲ್ಲಿ, ಮಾವಿನ ಗೊರಟದ ಗಂಜಿ ಕುಡಿದ ಆದಿವಾಸಿಗಳು ಸತ್ತರು. ಅಲ್ಲಿ ಗೊರಟ ಹೊಸ ರುಚಿಯ ಪ್ರಯೋಗ ಅಲ್ಲ. ಮನೆಯಲ್ಲಿ ಅಕ್ಕಿ ಮುಗಿದ ತಿಂಗಳುಗಳಿಗೆ ಕೂಡಿಟ್ಟ ಆಹಾರ. ಮಳೆಗಾಲದ ತೇವದಲ್ಲಿ ಕೂಡಿಟ್ಟ ಬೀಜಕ್ಕೆ ಬೂಷ್ಟು ಹಿಡಿದರೆ ಅದೇ ವಿಷ. ನಾವು ಭತ್ತದ ಊರಿನವರು. ಅಕ್ಕಿ ಇಲ್ಲದ ಮನೆ ಅಂದರೆ ಹೇಗಿರುತ್ತದೆ ಅಂತ ಯೋಚನೆ ಮಾಡಿದವರೇ ಅಲ್ಲ. ಮೆಸ್‌ನಲ್ಲಿ ಅನ್ನ ಚೆಲ್ಲುವಾಗಲಂತೂ ಇಲ್ಲ.

ರೊಟ್ಟಿ ತಟ್ಟಲಿಲ್ಲ. ಮೂವತ್ತು ಗೊರಟ ಮಣ್ಣಿಗೆ ಹಾಕಿದೆವು, ಮುಂದೆ ಕಸಿಗೆ ಬುಡವಾಗಲಿ ಅಂತ. ಉಳಿದದ್ದು ಒಣಗಿ ಒಲೆಗೆ ಹೋಯಿತು. ಕಸ ಅಲ್ಲ ಅನ್ನೋದೂ, ಎಲ್ಲವನ್ನೂ ತಿನ್ನಬಹುದು ಅನ್ನೋದೂ ಬೇರೆ ಬೇರೆ ಮಾತು ಅಂತ ಇಲ್ಲಿ ಗೊತ್ತಾಯಿತು. ಹಣ್ಣು ಎಲ್ಲಿಂದ ಬಂತು, ಹೇಗೆ ಹಣ್ಣಾಯಿತು, ಎಷ್ಟು ದಿನ ಹೇಗೆ ಇಟ್ಟಿದ್ದರು, ಈ ಮೂರು ಗೊತ್ತಿದ್ದರೆ ಸಿಪ್ಪೆ ಆಹಾರ. ಗೊತ್ತಿಲ್ಲದಿದ್ದರೆ ಗೊಬ್ಬರ. ತಳ್ಳುಗಾಡಿಯಲ್ಲಿ ಕೊಂಡ ಹಣ್ಣಿಗೆ ನಾವು ಎರಡನೇ ದಾರಿಯನ್ನೇ ಹಿಡಿಯುತ್ತೇವೆ.

ಕಾಕಾ ಕೇಳಿದ ಪ್ರಶ್ನೆ

ತಾಂಡ್ರ, ಗೊಜ್ಜು ಡಬ್ಬಿಗೆ ಹಾಕಿಕೊಂಡು ಕಾಕಾನ ಹತ್ತಿರ ಹೋದೆವು. ತಿಂದರು, ಚಲೋ ಐತಿ ಅಂದರು. ಆಮೇಲೆ ಕೇಳಿದರು: "ನೀವು ಮೂರು ಡಬ್ಬಿ ಒಯ್ದ್ರಿ. ತ್ವಾಟದಾಗ ಇನ್ನೂ ನಾಕು ಗಾಡಿ ಬಿದ್ದಿತ್ತಲ್ಲ, ಅದಕ್ಕೇನ್ ಮಾಡ್ಲಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೂರು ಜನ, ಹತ್ತು ದಿನ, 24 ಕೆಜಿ ತಿರುಳು. ಆ ವೇಗದಲ್ಲಿ ಯಾವ ತೋಟವೂ ಉಳಿಯೋದಿಲ್ಲ. ನಾವು ಕುಡಿಯುವ ಬಾಟಲಿ ಜ್ಯೂಸಿನ ತಿರುಳಿಗೆ ಕೃಷ್ಣಗಿರಿ, ಚಿತ್ತೂರು ಕಡೆ ದೊಡ್ಡ ಕಾರ್ಖಾನೆಗಳಿವೆ. ಆದರೆ ಗಾಳಿಗೆ ಬಿದ್ದ ನಾಲ್ಕು ಗಾಡಿ ಕಾಯಿ ಅಲ್ಲಿಯವರೆಗೆ ಹೋಗೋಕೆ ಅದಕ್ಕೆ ಸಮಯವಿಲ್ಲ, ಬಾಡಿಗೆಗೆ ಕಾಕಾನ ಹತ್ತಿರ ದುಡ್ಡಿಲ್ಲ. ಬೇಕಾದದ್ದು ನಾಲ್ಕೈದು ತೋಟದವರು ಸೇರಿ ಇಟ್ಟುಕೊಳ್ಳುವಂಥ ಸಣ್ಣ ಯಂತ್ರ: ಗೊರಟ ಒಡೆಯದೆ ತಿರುಳು ಬಿಡಿಸಬೇಕು, ಗಂಟೆಗೆ ಒಂದೆರಡು ಕ್ವಿಂಟಲ್ ಆಗಬೇಕು, ಕರೆಂಟ್ ಹೋದರೂ ನಡೆಯಬೇಕು, ನೀರು ಹೊಡೆದು ತೊಳೆಯೋ ಹಾಗಿರಬೇಕು. ಜೊತೆಗೆ ತಿರುಳು ಕಾಯಿಸೋ ಒಂದು ಪಾತ್ರೆ, ಒಂದು ಬಿಸಿಲು ಡ್ರೈಯರ್.

ಪ್ರತಿವರ್ಷ ನಮ್ಮ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಗೆರೆ ಹಿಡಿದು ಓಡುವ ರೋಬೋಟ್ ನಾಲ್ಕಾದರೂ ಇರುತ್ತವೆ. ನಾವು ಇನ್ನೂ ಎರಡನೇ ವರ್ಷ, ಮಷಿನ್ ಡಿಸೈನ್ ಮುಂದೆ ಬರಲಿದೆ. ಆದರೂ ಈಗಲೇ ಒಂದು ನೋಟ್‌ಬುಕ್ ಶುರು ಮಾಡಿದ್ದೇವೆ, ಮೊದಲ ಪುಟದಲ್ಲಿ ಕಾಕಾನ ಪ್ರಶ್ನೆ ಬರೆದಿದ್ದೇವೆ. ಮೆಕ್ಯಾನಿಕಲ್‌ನವರು, ಎಲೆಕ್ಟ್ರಿಕಲ್‌ನವರು ಯಾರಿಗಾದರೂ ಆಸಕ್ತಿ ಇದ್ದರೆ ಕನ್ನಡ ಸಂಘದ ಕೋಣೆಗೆ ಬನ್ನಿ. ಡಬ್ಬಿಯಲ್ಲಿ ಇನ್ನೂ ಸ್ವಲ್ಪ ತಾಂಡ್ರ ಇದೆ. ಮುಂದಿನ ಮೇ ತಿಂಗಳಲ್ಲಿ ಮತ್ತೆ ಗಾಳಿ ಬೀಸೇ ಬೀಸುತ್ತದೆ.